ಆಂಡಿಪಟ್ಟಿಯ ಓದುಗ

ಬರೆಯುವ ಕೈಯೊಂದನ್ನು ಸೃಷ್ಟಿಸಿದ ದೇವರು ಅದಕ್ಕೆ ತಕ್ಕ ಓದುವ ಕಣ್ಣೊಂದನ್ನೂ ಎಲ್ಲೋ ಇಟ್ಟೇ ಇರುತ್ತಾನೆ. ತಮಿಳು ಸೀಮೆಯ ಕಂಬಂ ಕಣಿವೆಯ ಕರುಪ್ಪಯ್ಯ ಇದನ್ನು ಇಪ್ಪತ್ತೆರಡು ವರ್ಷ ಗಟ್ಟಿಯಾಗಿ ನಂಬಿದ್ದ. ಎಲ್ಲಿ ಇಟ್ಟಿದ್ದಾನೆ ಎಂಬ ವಿಳಾಸವೊಂದು ಮಾತ್ರ ಸಿಕ್ಕಿರಲಿಲ್ಲ.

ಬೆಳಗ್ಗೆ ದ್ರಾಕ್ಷಿ ತೋಟ, ಮಧ್ಯಾಹ್ನದ ಮೇಲೆ ಪತ್ರಿಕೆ. ಇಷ್ಟೇ ಅವನ ಬದುಕು. ಪತ್ರಿಕೆಯ ಹೆಸರು ‘ಮುಲ್ಲೈಕ್ಕರೈ’, ಊರ ಪಕ್ಕ ಹರಿಯುವ ಮುಲ್ಲೈ ಹೊಳೆಯ ದಂಡೆ ಅಂತ ಅರ್ಥ. ಕಣಿವೆಯ ಕನ್ನಡ ಮನೆಗಳ ಸಂಘ ಮೂರು ತಿಂಗಳಿಗೊಮ್ಮೆ ತರುತ್ತಿದ್ದ ಪತ್ರಿಕೆ ಅದು. ಆ ಮನೆಗಳ ಮಾತು ಕನ್ನಡ, ಗೊತ್ತಿರುವ ಅಕ್ಷರ ತಮಿಳು. ಹಾಗಾಗಿ ಪತ್ರಿಕೆ ತಮಿಳಿನಲ್ಲೇ ಬರುತ್ತಿತ್ತು. ಯಾರ ಮಗಳು ಎಷ್ಟು ಮಾರ್ಕು ತೆಗೆದಳು, ಯಾರು ದೇವರ ಪಾದ ಸೇರಿದರು, ಯಾರ ಮನೆಗೆ ಗಂಡು ಬೇಕು, ಎಲ್ಲ ಅದರಲ್ಲಿತ್ತು. ಆರನೇ ಪುಟದಲ್ಲಿ ತುಂಬು ಪುಟ ಕರುಪ್ಪಯ್ಯನ ‘ಸಂಪಾದಕರ ಹೃದಯದಿಂದ’. ಈ ಸಲದ ವಿಷಯ, ಮನುಷ್ಯ ಮಾತು ಕಡಿಮೆ ಆಡಬೇಕು ಎಂಬುದು. ಹೇಳಬೇಕಾದ್ದು ಬಹಳ ಇದ್ದುದರಿಂದ ಅಕ್ಷರ ಸಣ್ಣದು ಮಾಡಬೇಕಾಯಿತು.

ಆ ಪುಟವನ್ನು ಯಾರು ಓದುತ್ತಾರೆ ಎಂದು ಅವನು ಯಾರನ್ನೂ ಕೇಳಿರಲಿಲ್ಲ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಬಜ್ಜಿ ಕಟ್ಟಿಕೊಟ್ಟ ಕಾಗದದಲ್ಲಿ ಅವನ ಲೇಖನವೇ ಬಂದಿತ್ತು. ಎಣ್ಣೆ ಹೀರಿಕೊಂಡ ಸಾಲುಗಳನ್ನು ಅಲ್ಲೇ ನಿಂತು ಪೂರ್ತಿ ಓದಿ, ‘ಎಷ್ಟು ಸತ್ಯ!’ ಎಂದು ತಲೆದೂಗಿದ್ದ. ಆ ಲೇಖನಕ್ಕೆ ಸಿಕ್ಕ ಮೊದಲ ಮೆಚ್ಚುಗೆ ಅದೇ.

ಈ ವರ್ಷ ಪತ್ರಿಕೆ ಮುದ್ರಿಸುತ್ತಿದ್ದ ತೇನಿಯ ಅಚ್ಚಿನ ಮನೆ ಮುಚ್ಚಿತು. ಮುದುಕ ಮಾಲೀಕ ಯಂತ್ರವನ್ನು ತೂಕಕ್ಕೆ ಹಾಕಿ ಮಗಳ ಊರಿಗೆ ಹೋಗಿಬಿಟ್ಟ. ಸಂಘದ ಅಧ್ಯಕ್ಷ ಜೆಯಕುಮಾರ್, ಗೊಬ್ಬರದ ಅಂಗಡಿಯವನು, ಸಂಬಂಧದಲ್ಲಿ ಕರುಪ್ಪಯ್ಯನಿಗೆ ಮಾವನಾಗಬೇಕು. ದಾರಿಯಲ್ಲೇ ತಡೆದು ನಿಲ್ಲಿಸಿದ.

“ಮಾಪಿಳ್ಳೆ, ಆ ದೇವರೇ ಮುಚ್ಚಿಸವ್ನೆ. ನಾವು ಯಾಕೆ ಮತ್ತೆ ತೆರೀಬೇಕು? ಈ ಶುಕ್ರವಾರ ಬಿಟ್ಟು ಮುಂದಿನ ಶುಕ್ರವಾರ ಸಭೆ ಕೂಡಿಸಿ ಪತ್ರಿಕೆಗೊಂದು ಮಾಲೆ ಹಾಕಿಬಿಡಾನ.”

“ಮಾಮಾ, ಅದು ಬದುಕಿರೋ ಪತ್ರಿಕೆ!”

“ಬದುಕೈತೆ ಅಂತ ಯಾರು ಹೇಳಿದ್ರು? ಓದೋನ ಒಬ್ಬನ್ನ ಕರ್ಕೊಂಡು ಬಾ. ಕಣ್ಣಾರೆ ಕಂಡ್ರೆ ಒಪ್ತೀನಿ.”

ಕರುಪ್ಪಯ್ಯ ಮನೆಗೆ ಬಂದು ಊಟಕ್ಕೆ ಕೂತ. ಹೆಂಡತಿ ಅಮುದಾ ಬಡಿಸಿದ್ದು ರಸವೋ ಮಜ್ಜಿಗೆಯೋ ತಿಳಿಯಲಿಲ್ಲ. ಅಮುದಾಳ ತಂಗಿಯ ಮಗಳು ಯುವಶ್ರೀ ಪೊಂಗಲ್ಲಿಗೆ ಬಂದವಳು ಇನ್ನೂ ಅಲ್ಲೇ ಇದ್ದಳು. ಕೊಯಮತ್ತೂರಿನ ಕಂಪೆನಿಯೊಂದಕ್ಕೆ ಚಿತ್ರ, ಪುಟ ಹೊಂದಿಸುವ ಕೆಲಸ ಅವಳದು, ಅದನ್ನು ಎಲ್ಲಿ ಕೂತರೂ ಮಾಡಬಹುದು. ಅವಳಿಗೆ ಕನ್ನಡ ಕೇಳಿದರೆ ತಿಳಿಯುತ್ತಿತ್ತು. ಆಡುವಾಗ ಮಾತ್ರ ನಡುನಡುವೆ ತಮಿಳಿನ ಊರುಗೋಲು ಬೇಕಾಗುತ್ತಿತ್ತು. ದೊಡ್ಡಪ್ಪ ಅವಳಿಗೆ ‘ಪೆರಿಯಪ್ಪ’, ಹುಡುಗಿ ಅವನಿಗೆ ‘ಪೊಣ್ಣೆ’.

“ಪೆರಿಯಪ್ಪಾ, ಕಾಗದ ಇಲ್ಲಾಂದ್ರೆ ಏನಾಚ್ಚು? ಫೋನಲ್ಲಿ ತರೋಣ. ಡಿಜಿಟಲ್ ಪತ್ರಿಕೆ.”

“ಕೈಯಲ್ಲಿ ಹಿಡಿಯೋಕಾಗದ್ದು ಪುಸ್ತಗವಾ?”

“ದೇವರನ್ನ ಕೈಯಲ್ಲಿ ಹಿಡೀತೀರಾ?” ಅಂದಳು ಹುಡುಗಿ. ಕರುಪ್ಪಯ್ಯ ತಟ್ಟೆ ಪಕ್ಕಕ್ಕೆ ಸರಿಸಿ ಅವಳ ಫೋನಿನತ್ತ ಬಾಗಿದ.

ಐದು ದಿನದಲ್ಲಿ ಪತ್ರಿಕೆ ಸಿದ್ಧವಾಯಿತು. ಯುವಶ್ರೀ ಫೋನನ್ನು ಅಡ್ಡ ಹಿಡಿದು ಬೆರಳಾಡಿಸಿದಳು. ಪುಟ ಕಾಗದದಂತೆಯೇ ಬಾಗಿ ಸರಕ್ಕೆಂದು ಮಗುಚಿತು. ಗಾಳಿ ತಾಗೀತೆಂದು ಕರುಪ್ಪಯ್ಯ ಮುಖ ಹಿಂದಕ್ಕೆಳೆದುಕೊಂಡ.

ಆರು ಮತ್ತು ಏಳನೇ ಪುಟ ಜೊತೆಯಾಗಿ ತೆರೆದವು. ಎಡಕ್ಕೆ ಅವನ ಹೃದಯ. ಬಲಕ್ಕೆ ದೇವರ ದೊಡ್ಡಿಯ ಪಟ್ಟದ ಎತ್ತು.

ಈ ಎತ್ತಿನ ವಿಷಯ ಒಂದು ಮಾತು ಹೇಳಬೇಕು. ಕಣಿವೆಯ ಕನ್ನಡ ಮಂದಿ ದೇವರಿಗೆ ಬಿಟ್ಟ ದನಗಳ ಹಿಂಡೊಂದು ಕಂಬಂನ ದೊಡ್ಡಿಯಲ್ಲಿದೆ. ಅವುಗಳಿಗೆ ನೊಗ ಕಟ್ಟುವವರಿಲ್ಲ, ಮಾರುವವರಿಲ್ಲ. ಹಿಂಡಿನ ಅರಸು ಯಾರೆಂದು ಮನುಷ್ಯರು ತೀರ್ಮಾನಿಸುವುದಿಲ್ಲ. ಪೊಂಗಲ್ ದಿನ ಕಬ್ಬಿನ ಕಂತೆ ಮುಂದಿಟ್ಟು ಎಲ್ಲರೂ ಕೈಮುಗಿದು ನಿಲ್ಲುತ್ತಾರೆ. ಮೊದಲು ಬಂದು ಬಾಯಿಟ್ಟದ್ದೇ ಪಟ್ಟದ ಎತ್ತು, ಅದೇ ಸ್ವಾಮಿ. ಚುನಾವಣೆಗಳಲ್ಲಿ ಇಷ್ಟು ನೆಮ್ಮದಿಯದನ್ನು ನಾನು ಬೇರೆ ಕಂಡಿಲ್ಲ.

ಆ ಸ್ವಾಮಿಯ ಚಿತ್ರದ ಮೇಲೆ ಯುವಶ್ರೀ ಬೆರಳಿಟ್ಟಳು. ಚಿತ್ರ ಅಲುಗಿತು! ಎತ್ತು ತಲೆ ಕೊಡವಿತು, ಕಿವಿ ಬಡಿಯಿತು, ಕೊರಳ ಗೆಜ್ಜೆ ಘಲ್ಲೆಂದಿತು. ದೊಡ್ಡಿ ಕಾಯುವ ಮುದುಕ ಅಯ್ಯಾವುವಿನ ದನಿ ಒಳಗಿನಿಂದ ಕರೆಯಿತು: “ಬಾ ನನ್ನಪ್ಪಾ... ಬಾ ಸಾಮೀ... ಹೊತ್ತಾಯ್ತು ಬಾ...”

ಕನ್ನಡ! ಅಕ್ಷರ ಗೊತ್ತಿಲ್ಲದ್ದಕ್ಕೆ ಇಪ್ಪತ್ತೆರಡು ವರ್ಷ ಬಾಗಿಲಾಚೆ ನಿಂತಿದ್ದ ಮನೆಮಾತು ಮೊದಲ ಸಲ ಪತ್ರಿಕೆಯೊಳಗೆ ಕಾಲಿಟ್ಟಿತ್ತು.

“ಅಡೇಯಪ್ಪಾ!” ಅಂದ ಕರುಪ್ಪಯ್ಯ. ತನಗೇ ತಿಳಿಯದೆ ಚಪ್ಪಲಿ ಬಿಟ್ಟಿದ್ದ.

“ಇನ್ನೂ ಐತೆ ಪೆರಿಯಪ್ಪಾ. ಎತ್ತಿನ ಕಾಲ ಹತ್ರ ಜಾಹೀರಾತು ನೋಡಿ, ದಿಂಡಿಗಲ್ ಶಿವಬಾಲನ್ ಅಣ್ಣನ ಬೀಗದ ಅಂಗಡಿ. ಈ ಹಸಿರು ಗುಂಡು ಮುಟ್ಟಿದ್ರೆ ಅವರಿಗೇ ಫೋನ್ ಹೋಗುತ್ತೆ. ಪತ್ರಿಕೆ ಓದೋನು ಹಂಗೇ ಅಂಗಡಿ ಒಳಗೆ ಹೋಗ್ಬೋದು. ಮತ್ತೆ ತಪ್ಪಿದ್ರೆ ಪತ್ರಿಕೆ ಹೊರಗೆ ಬಿಟ್ಟಮೇಲೂ ತಿದ್ಬೋದು, ಎಲ್ಲಾರ ಫೋನಲ್ಲೂ ತಿದ್ದುತ್ತೆ.”

ತಿದ್ದುವ ಮಾತು ಕೇಳಿ ಕರುಪ್ಪಯ್ಯನ ಕಣ್ಣು ತುಂಬಿತು. ಹಿಂದೊಮ್ಮೆ ಮದುವೆ ಜೋಡಿಯ ಫೋಟೋ ಕೆಳಗೆ ಸತ್ತವರಿಗೆ ಹಾಕುವ ‘ಕಣ್ಣೀರಿನ ಅಂಜಲಿ’ ಅಚ್ಚಾಗಿ, ಅವನು ಪೆನ್ನು ಹಿಡಿದುಕೊಂಡು ಮುನ್ನೂರು ಮನೆ ಹತ್ತಿ ಇಳಿದಿದ್ದ.

“ಇದೆಲ್ಲಕ್ಕಿಂತ ದೊಡ್ಡದು ಇದು,” ಎಂದು ಯುವಶ್ರೀ ಇನ್ನೊಂದು ಪರದೆ ತೋರಿಸಿದಳು. “ಯಾವ ಊರಲ್ಲಿ ಎಷ್ಟು ಜನ ತೆರೆದ್ರು, ಯಾವ ಪುಟದಲ್ಲಿ ಎಷ್ಟು ಹೊತ್ತು ಇದ್ರು, ಎಲ್ಲಾ ಇಲ್ಲಿ ಬರುತ್ತೆ.”

“ಇದು ಚಿತ್ರಗುಪ್ತನ ಕೆಲಸ ಅಲ್ವೇನೇ ಪೊಣ್ಣೆ?”

“ಅವನು ಹೆಸರು ಬರ್ಕೋತಾನೆ. ಇದು ಊರು ಮಾತ್ರ ಹೇಳುತ್ತೆ.”

ಸಂಘದ ಎಲ್ಲ ಮನೆಗೂ ಪತ್ರಿಕೆ ಫೋನಿನಲ್ಲಿ ಹೋಯಿತು. ಕರುಪ್ಪಯ್ಯ ಒಬ್ಬೊಬ್ಬರಿಗೂ ಬೇರೆಯಾಗಿ ಕರೆ ಮಾಡಿ, “ಕಳಿಸಿವ್ನಿ, ಬಂತಾ? ಬಂದಿದ್ರೆ ತೆರೀರಿ. ತೆರೆದ್ಮೇಲೆ ಆರನೇ ಪುಟ ನೋಡ್ರಿ,” ಎಂದ. ನಾಲ್ಕನೇ ದಿನ ಬೆಳಗ್ಗೆ ಓದುಗರ ಲೆಕ್ಕದ ಆ ಪರದೆ ತೆರೆದವನು ಕಣ್ಣುಜ್ಜಿಕೊಂಡು ಮತ್ತೆ ನೋಡಿದ.

ಊರು: ಆಂಡಿಪಟ್ಟಿ. ಓದುಗರು: ಒಬ್ಬರು. ಪುಟ: ಆರು, ಏಳು. ಹೊತ್ತು: ಹನ್ನೊಂದು ಗಂಟೆ, ನಾಲ್ಕು ನಿಮಿಷ.

ಅದು ನಿನ್ನೆಯ ಲೆಕ್ಕ. ಮೊನ್ನೆ ಹತ್ತೂವರೆ. ಆಚೆ ಮೊನ್ನೆ ಹನ್ನೊಂದು.

“ಅಮುದಾ! ಒಬ್ಬ ಮಹಾನುಭಾವ ನನ್ನ ಲೇಖನಾನ ದಿನಕ್ಕೆ ಹನ್ನೊಂದು ಗಂಟೆ ಓದ್ತಾವ್ನೆ!”

ಅಮುದಾ ಅಕ್ಕಿ ಆರಿಸುತ್ತಾ ತಲೆಯೆತ್ತಲಿಲ್ಲ. “ಅಷ್ಟು ಹೊತ್ತಾದ್ರೂ ಅರ್ಥ ಆಗ್ಲಿಲ್ಲವಾ ಪಾಪ?”

ಕೀರ್ತಿ ಬಂದಾಗ ಮನೆಯವರು ಹೀಗೆಯೇ ಎಂದು ಕರುಪ್ಪಯ್ಯ ಕ್ಷಮಿಸಿದ. ಸಂಜೆಯೊಳಗೆ ಸುದ್ದಿ ಬೀದಿ ದಾಟಿತ್ತು. ಕ್ಷೌರದ ಅಂಗಡಿಯಲ್ಲಿ ಹನ್ನೊಂದು ಗಂಟೆ ಹದಿಮೂರಾಯಿತು, ಬಾಳೆ ಮಂಡಿಯಲ್ಲಿ ಓದುಗ ನಿವೃತ್ತ ಕಲೆಕ್ಟರಾದ, ಹೊಳೆಯ ಮೆಟ್ಟಿಲಿನಲ್ಲಿ ಅವನು ಅನ್ನ ನೀರು ಬಿಟ್ಟು ಓದುತ್ತಿದ್ದ. ಕರುಪ್ಪಯ್ಯ ಯಾವುದನ್ನೂ ಅಲ್ಲಗಳೆಯಲಿಲ್ಲ. ಜೆಯಕುಮಾರ್ ಮಾತ್ರ, “ಕಣ್ಣಾರೆ,” ಎಂದ. ಅಷ್ಟೇ ಎಂದ.

ಬುಧವಾರ ದಿಂಡಿಗಲ್ಲಿನಿಂದ ಫೋನ್ ಬಂತು. ಬೀಗದ ಶಿವಬಾಲನ್. ಮೂರು ತಲೆಮಾರಿನಿಂದ ಬೀಗ ಮಾಡುವ ಮನೆ, ಸಂಘಕ್ಕೆ ದೊಡ್ಡ ಜಾಹೀರಾತುದಾರ. ನಲವತ್ತರ ಹತ್ತಿರವಾದರೂ ಇನ್ನೂ ಮದುವೆಯಾಗಿರಲಿಲ್ಲ.

“ಅಣ್ಣಾ, ನಿಮ್ಮ ಪತ್ರಿಕೆ ಬಂದಾಗಿಂದ ಒಂದು ಫೋನು ಬತ್ತೈತೆ. ಬೆಳಗ್ಗೆ ಆರಕ್ಕೆ, ಸಂಜೆ ಆರಕ್ಕೆ. ನಾನು ಹಲೋ ಅಂತೀನಿ, ಅತ್ತಕಡೆ ಹಲೋ ಇಲ್ಲ. ಕೈಗಂಟೆ ಸದ್ದು ಮಾತ್ರ. ಆಮೇಲೆ ಒಂದು ದನಿ, ನಮ್ಮ ಮಾತಲ್ಲೇ, ‘ಬಾಗಿಲು ತೆಗಿ ಸಾಮೀ, ಮುಚ್ಚಿರೋ ಬಾಗಿಲು ತೆಗಿ’ ಅಂತೈತೆ. ಬೀಗ ಮಾರೋನ ಕಿವಿಗೆ ಯಾರಣ್ಣಾ ಹಿಂಗೆ ಹೇಳ್ತಾರೆ?”

“ಯಾರಾದ್ರೂ ಆಟ ಆಡ್ತಾವ್ರಾ?”

“ನಾನೂ ಹಂಗೇ ಅಂದ್ಕೊಂಡೆ. ನಂಬರ್ ತಡೀಬೇಕು ಅಂತ ಕೂತೆ. ಆದ್ರೆ ಅಣ್ಣಾ, ಆ ಗಂಟೆ ಕೇಳಿದ ದಿನ ವ್ಯಾಪಾರ ಅಂದ್ರೆ ವ್ಯಾಪಾರ! ನಿಮ್ಮ ಪತ್ರಿಕೆಯ ಗುಂಡು ಒತ್ತಿ ಕೊಯಮತ್ತೂರಿಂದ ಕೇಳ್ತಾರೆ, ಮಲೇಶಿಯಾದಿಂದ ಒಬ್ರು ದೇವಸ್ಥಾನದ ಹುಂಡಿಗೆ ಮಾವಿನಕಾಯಿ ಆಕಾರದ ಮಾಂಗಾಯ್ ಬೀಗ ಕೇಳಿದ್ರು. ಭಾನುವಾರ ಗಂಟೆ ಬರ್ಲಿಲ್ಲ. ಅವತ್ತು ಒಂದು ಸೈಕಲ್ ಬೀಗ ಕೂಡ ಹೋಗ್ಲಿಲ್ಲ! ನಮ್ಮಮ್ಮ ಈಗ ಆರು ಗಂಟೆಗೆ ಫೋನನ್ನ ಮಣೆ ಮೇಲೆ ಇಡ್ತಾಳೆ. ಯಾರು ಅಂತ ತಿಳೀಬೇಕಣ್ಣಾ. ಇಲ್ಲಾಂದ್ರೆ ನನ್ನ ತಲೆ ಕೆಡ್ತೈತೆ.”

ಕರುಪ್ಪಯ್ಯ ನಂಬರು ಬರೆದುಕೊಂಡು ಹಳೆಯ ಚಂದಾದಾರರ ಪುಸ್ತಕ ತೆರೆದ. ಬೆರಳು ಒಂದು ಸಾಲಿನಲ್ಲಿ ನಿಂತಿತು. ರಾಮರ್, ಆಂಡಿಪಟ್ಟಿ.

ಆಂಡಿಪಟ್ಟಿ! ಓದುವವನೂ ಅವನೇ, ಫೋನ್ ಮಾಡುವವನೂ ಅವನೇ. ಕರುಪ್ಪಯ್ಯನಿಗೆ ಎಲ್ಲ ತಿಳಿಯಾಯಿತು. ಲೇಖನ ಓದಿ ಓದಿ ಆ ರಾಮರ್‌ಗೆ ವೈರಾಗ್ಯ ಬಂದಿದೆ. ಮಾತು ಕಡಿಮೆ ಆಡಬೇಕೆಂದು ಬರೆದದ್ದನ್ನು ಮನಸ್ಸಿಗೆ ಹಚ್ಚಿಕೊಂಡು ಹಲೋ ಎನ್ನುವುದನ್ನೂ ಬಿಟ್ಟಿದ್ದಾನೆ. ಜ್ಞಾನದ ಬಾಗಿಲು ತೆಗೆ ಎಂದು ಬೇಡುತ್ತಿದ್ದಾನೆ.

“ರಾಮರ್ ಲಾರಿ ಓಡಿಸ್ತಾನಲ್ರೀ,” ಅಂದಳು ಅಮುದಾ. “ಅವನು ಹನ್ನೊಂದು ಗಂಟೆ ಓದ್ತಿದ್ರೆ ದಾರಿ ಯಾರು ನೋಡ್ತಾರೆ?”

ಗುರುವಾರ ಮಧ್ಯಾಹ್ನ ಜೆಯಕುಮಾರನ ಕಾರು ಹೊರಟಿತು. ಮುಂದೆ ಜೆಯಕುಮಾರ್, ಹಿಂದೆ ಯುವಶ್ರೀ ಲ್ಯಾಪ್‌ಟಾಪಿನೊಂದಿಗೆ, ಕರುಪ್ಪಯ್ಯ ಹಿತ್ತಾಳೆ ತಟ್ಟೆಯೊಂದಿಗೆ. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ಮೇಲೆ ಜರಿಯ ಅಂಚಿನ ಸನ್ಮಾನದ ಶಾಲು. ಓದುಗನಿಗೆ ಸಂಪಾದಕ ಶಾಲು ಹೊದಿಸುವುದು ಎಲ್ಲೂ ನಡೆದಿರಲಾರದು, ನಾಳೆ ಸಭೆಯಲ್ಲಿ ಹೇಳಿಕೊಳ್ಳಲು ಚೆನ್ನಾಗಿರುತ್ತದೆ ಎಂದು ಅವನು ದಾರಿಯುದ್ದಕ್ಕೂ ಯೋಚಿಸಿದ. ಓದುಗ ಸಿಗದಿದ್ದರೆ ನಾಳೆ ಮಾಲೆ ಪತ್ರಿಕೆಗೆ.

ಆಂಡಿಪಟ್ಟಿ ತಲುಪುವಾಗ ಸಂಜೆ ಆರಕ್ಕೆ ಹತ್ತು ನಿಮಿಷ. ಕರುಪ್ಪಯ್ಯ ಬರಹೇಳಿದ್ದ ಶಿವಬಾಲನ್ ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಇಟ್ಟು ಬೀದಿ ಮೂಲೆಯಲ್ಲಿ ಕಾಯುತ್ತಿದ್ದ. ಕಾರು, ತಟ್ಟೆ, ಶಾಲು, ಬಿಳಿ ಅಂಗಿಯ ಗಂಡು. ಬೀದಿ ಎದ್ದು ನಿಂತಿತು.

“ಹೆಣ್ಣು ನೋಡೋಕೆ ಬಂದವ್ರಾ?” ಕೇಳಿದಳು ಎದುರು ಮನೆಯಾಕೆ ತಮಿಳಿನಲ್ಲಿ. “ಯಾರ ಮನೆಗಪ್ಪಾ?”

“ರಾಮರ್ ಮನೆಗಮ್ಮಾ,” ಎಂದ ಕರುಪ್ಪಯ್ಯ.

“ಆ ಮನೇಲಿ ಹೆಣ್ಣೆಲ್ಲಿದೆ? ಅತ್ತೆ, ಸೊಸೆ ಇಬ್ಬರೇ. ಅತ್ತೆಗೆ ಎಪ್ಪತ್ತು!”

“ಅವರನ್ನೇ ನೋಡಬೇಕಾಗಬಹುದು,” ಎಂದ ಶಿವಬಾಲನ್, ಆ ದನಿ ಮುದುಕಿಯದೇ ಇರಬೇಕೆಂದು ಅದೇ ಕ್ಷಣ ಹೊಳೆದು. ಎದುರು ಮನೆಯಾಕೆ ಗಲ್ಲಕ್ಕೆ ಕೈಯಿಟ್ಟು ಪಕ್ಕದ ಮನೆಗೆ ಓಡಿದಳು. ಕ್ಷಣದಲ್ಲಿ ಹತ್ತು ಜನ ಹಿಂದೆ ಸೇರಿದರು. ಒಬ್ಬ ಗಂಡಿನ ವಯಸ್ಸು ಕೇಳಿದ, ಇನ್ನೊಬ್ಬ ಏನೂ ಕೇಳದೆಯೇ ಅಯ್ಯೋ ಎಂದ.

ಬಾಗಿಲಿಗೆ ಬಂದವಳು ಸೊಸೆ ತೇನ್‌ಮೊಳಿ. ಜನ ನೋಡಿ ಸೆರಗು ಹೊದ್ದಳು.

“ರಾಮರ್ ಇದಾರಾ?” ಕರುಪ್ಪಯ್ಯ ತಟ್ಟೆ ಮುಂದೆ ಚಾಚಿದ.

“ಅವರು ಲೋಡ್ ಹಾಕ್ಕೊಂಡು ನಾಗಪುರಕ್ಕೆ ಹೋಗಿ ಎಂಟು ದಿನ ಆಯ್ತು.”

ಜೆಯಕುಮಾರ್ ಕೆಮ್ಮಿದ. ಆ ಕೆಮ್ಮಿನಲ್ಲಿ ನಾಳೆಯ ಸಭೆ ಪೂರ್ತಿ ಇತ್ತು.

“ಹಂಗಾದ್ರೆ ಮುಲ್ಲೈಕ್ಕರೈ ಯಾರು ಓದ್ತಾರಮ್ಮಾ?” ಕೇಳಿದ ಕರುಪ್ಪಯ್ಯ.

“ಓದೋದಾ? ಈ ಮನೇಲಿ ಯಾರೂ...”

ಅಷ್ಟರಲ್ಲಿ ಆರು ಹೊಡೆಯಿತು. ಶಿವಬಾಲನ್ ಜೇಬಿನಲ್ಲಿ ಫೋನ್ ರಿಂಗಾಯಿತು. ಅವನು ತೆಗೆದು ದನಿ ಜೋರು ಮಾಡಿ ಮುಂದೆ ಹಿಡಿದ. ಫೋನಿನಿಂದ ಕೈಗಂಟೆಯ ಸದ್ದು ಬಂತು. ಮನೆಯ ಒಳಗಿನಿಂದಲೂ ಅದೇ ಸದ್ದು. ಫೋನು “ಬಾಗಿಲು ತೆಗಿ ಸಾಮೀ” ಅಂದಿತು. ಒಳಮನೆಯೂ “ಬಾಗಿಲು ತೆಗಿ ಸಾಮೀ” ಅಂದಿತು. ಬೀದಿಯವರು ಒಬ್ಬರ ಹೆಗಲ ಮೇಲೊಬ್ಬರು ಇಣುಕಿದರು.

ತೇನ್‌ಮೊಳಿ ದಾರಿ ಬಿಟ್ಟಳು. ಎಲ್ಲರೂ ಚಪ್ಪಲಿ ಕಳಚಿ ಒಳಗೆ ಬಂದರು.

ಗೋಡೆಯ ಗೂಡಿನಲ್ಲಿ ಎಣ್ಣೆ ದೀಪ ಉರಿಯುತ್ತಿತ್ತು. ದೀಪದ ಹಿಂದೆ ಮುರುಗನ ಪಟ, ಅಮ್ಮನವರ ಪಟ, ನಡುವೆ ಚಾರ್ಜರಿನ ಬಳ್ಳಿ ತೊಟ್ಟ, ರಾಮರ್ ಮನೆಯಲ್ಲೇ ಬಿಟ್ಟುಹೋದ ಹಳೆಯ ಫೋನು. ಅದಕ್ಕೆ ಕನಕಾಂಬರದ ಮಾಲೆ. ಗೂಡಿನ ಮುಂದೆ ಮುದುಕಿಯೊಬ್ಬಳು ಕಣ್ಣುಮುಚ್ಚಿ ಗಂಟೆ ಅಲುಗಿಸುತ್ತಿದ್ದಳು. ಕಣ್ಣು ಬಿಟ್ಟು ಹಿಂದಿರುಗಿ ನೋಡಿದಳು.

“ಯಾರಪ್ಪಾ ಇಷ್ಟು ಜನ? ಪೂಜೆಗೆ ಬಂದ್ರಾ? ಕೂತ್ಕಳಿ. ಸಾಮಿ ಈಗ ಮರೆ ಆಗವ್ನೆ, ಒಂದು ಗಳಿಗೇಲಿ ಬತ್ತಾನೆ.”

ಶಿವಬಾಲನ್ ಮೆಲ್ಲಗೆ ಕರೆ ಮುಗಿಸಿದ. ಗೂಡಿನ ಫೋನಿನಲ್ಲಿ ಪಟ್ಟದ ಎತ್ತು ಮತ್ತೆ ಮೂಡಿತು. ಕಾಲ ಬಳಿಯ ಹಸಿರು ಗುಂಡಿನ ಮೇಲೆ ಅರಿಶಿನ, ಅದರ ಮೇಲೆ ಕುಂಕುಮ.

“ನೋಡಿದ್ರಾ?” ಮುದುಕಿ ಕೈಮುಗಿದಳು. “ಪಾದಕ್ಕೆ ಅರಿಶಿನ ಇಟ್ಟು, ಮೇಲೆ ಕುಂಕುಮ ಇಟ್ರೆ ಮರೆಯಾಗ್ತಾನೆ. ಪೂಜೆ ಒಪ್ಪಿಸ್ಕೊಳ್ಳೋಕೆ ಒಳಕ್ಕೆ ಹೋಗ್ತಾನೆ ಅಂತ ಕಾಣ್ತೈತೆ. ಮುಗಿದ ಮೇಲೆ ತಾನೇ ಬತ್ತಾನೆ.”

ಯುವಶ್ರೀ ಬಾಯಿಗೆ ಕೈ ಅಡ್ಡ ಹಿಡಿದಳು. ಮೊದಲ ಬೊಟ್ಟು ನಂಬರು ತೆರೆಯುತ್ತಿತ್ತು, ಎರಡನೇ ಬೊಟ್ಟು ಕರೆ ಹಚ್ಚುತ್ತಿತ್ತು. ಆ ವಿಷಯ ಅವಳು ಹೇಳಲಿಲ್ಲ. ಹೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಮುದುಕಿಯ ಹೆಸರು ಗೋವಿಂದಮ್ಮಾಳ್. ಕಂಬಂ ಅವಳ ತವರು. ಮಂಡಿ ಹಿಡಿದುಕೊಂಡು ಎಂಟು ವರ್ಷದಿಂದ ಪೊಂಗಲ್ಲಿಗೆ ದೊಡ್ಡಿಗೆ ಹೋಗಲಾಗಿರಲಿಲ್ಲ.

“ಸೊಸೆ ಒಂದಿನ ತೋರ್ಸಿದ್ಲು. ಬೆರಳಿಟ್ರೆ ಸಾಮಿ ತಲೆ ಆಡಿಸ್ತಾನೆ, ಅಯ್ಯಾವು ನಮ್ಮ ಮಾತಲ್ಲಿ ಕೂಗ್ತಾನೆ. ಈ ಬೀದೀಲಿ ನಮ್ಮ ಮಾತು ಯಾರಿಗಪ್ಪಾ ಬತ್ತೈತೆ? ಕೇಳಿ ಎಷ್ಟು ವರ್ಷ ಆಗಿತ್ತು... ‘ಇದನ್ನ ಆರಿಸ್ಬ್ಯಾಡ ಕಣೇ, ಹಗಲೆಲ್ಲಾ ಇಲ್ಲೇ ಇರ್ಲಿ’ ಅಂದೆ. ಭಾನುವಾರ ಕರೆಂಟಿಲ್ಲದೆ ಸಾಮಿ ಕಣ್ಣು ಮುಚ್ಚಿಬಿಟ್ಟಿದ್ದ. ಅವತ್ತು ನಾನೂ ಉಣ್ಣಲಿಲ್ಲ.”

ಹನ್ನೊಂದು ಗಂಟೆಯ ಓದು ಅದಾಗಿತ್ತು.

ಕರುಪ್ಪಯ್ಯ ತಟ್ಟೆ ಹಿಡಿದು ನಿಂತೇ ಇದ್ದ. ಕೊನೆಗೆ ತಡೆಯಲಾರದೆ ಕೇಳಿದ: “ಅತ್ತೇ, ಪಕ್ಕದ ಪುಟದಲ್ಲಿ ಇರೋದು... ಅದನ್ನ ನೋಡಿದ್ರಾ?”

“ಅದಾ?” ಗೋವಿಂದಮ್ಮಾಳ್ ಹತ್ತಿರ ಬಾಗಿ ಕಣ್ಣು ಕಿರಿದು ಮಾಡಿದಳು. “ನಂಗೆ ಓದು ಬರಲ್ಲಪ್ಪ. ಇರುವೆ ಸಾಲು ಅಂದ್ಕೊಂಡು ಮೊದಲ ದಿನ ಒರೆಸಿ ಒರೆಸಿ ಸಾಕಾಯ್ತು. ಹೋಗಲಿಲ್ಲ. ನೀವು ಇದನ್ನ ಮಾಡೋರಾ? ಪುಣ್ಯ ಬತ್ತೈತೆ, ಆ ಇರುವೆ ತೆಗೆದುಬಿಡಿ ಮಗಾ. ಸಾಮಿಗೆ ಜಾಗ ಸಾಲದು, ಬಾಲ ಮಡಚ್ಕೊಂಡು ನಿಂತವ್ನೆ.”

ಬಾಗಿಲಲ್ಲಿ ಯಾರೋ ನಕ್ಕರು. ಜೆಯಕುಮಾರ್ ನಗಲಿಲ್ಲ. ಅವನು ಕರುಪ್ಪಯ್ಯನ ಮುಖ ನೋಡಿದ. ಕರುಪ್ಪಯ್ಯ ಎತ್ತಿನ ಮುಖ ನೋಡಿದ. ಎತ್ತು ಆಗ ತಲೆ ಕೊಡವಿತು.

“ಪೊಣ್ಣೆ,” ಎಂದ ಕರುಪ್ಪಯ್ಯ, “ಬಿಟ್ಟಮೇಲೂ ತಿದ್ಬೋದು ಅಂದ್ಯಲ್ಲ. ಎಲ್ಲಿ ಒತ್ತಬೇಕು?”

ಯುವಶ್ರೀ ಲ್ಯಾಪ್‌ಟಾಪ್ ತೆರೆದು ಅವನ ಮುಂದಿಟ್ಟಳು. ಇಪ್ಪತ್ತೆರಡು ವರ್ಷದ ಕೈ ಒಂದು ಕ್ಷಣ ಗಾಳಿಯಲ್ಲಿ ನಿಂತಿತು, ಆಮೇಲೆ ಇಳಿಯಿತು. ಗೂಡಿನಲ್ಲಿ ಇರುವೆಗಳು ಒಂದೇ ಸಲ ಮಾಯವಾದವು. ಎತ್ತು ಎರಡು ಪುಟಕ್ಕೂ ಹಬ್ಬಿ, ಕೊಂಬಿನಿಂದ ಬಾಲದವರೆಗೆ ತುಂಬಿಕೊಂಡು ನಿಂತಿತು. ಆಂಡಿಪಟ್ಟಿಯಲ್ಲಿ ನಿಂತಂತೆಯೇ ಆ ಕ್ಷಣ ದಿಂಡಿಗಲ್ಲಿನಲ್ಲೂ, ಕಂಬಂನಲ್ಲೂ, ಕಡಲಾಚೆಯಲ್ಲೂ ನಿಂತಿತು. ಬೀದಿಯವರೆಲ್ಲ ಕೈಮುಗಿದರು. ಎದುರು ಮನೆಯಾಕೆ ಕೆನ್ನೆ ಬಡಿದುಕೊಂಡಳು.

“ನನ್ನ ಬೀಗ ಮಾತ್ರ ಆ ಪಾದದಿಂದ ಅಲುಗಿಸ್ಬ್ಯಾಡಿ,” ಎಂದ ಶಿವಬಾಲನ್. “ವರ್ಷಪೂರ್ತಿ ಅಲ್ಲೇ ಇರ್ಲಿ.”

ಜೆಯಕುಮಾರ್ ಗೂಡಿನ ಮುಂದೆ ಬಂದು ಕೈಮುಗಿದ. “ಕಣ್ಣಾರೆ ಅಂದಿದ್ದೆ,” ಎಂದ ಮೆಲ್ಲಗೆ. “ಕಂಡೆ. ನಾಳೆ ಸಭೇಲಿ ನಾನೇ ಮಾತಾಡ್ತೀನಿ ಮಾಪಿಳ್ಳೆ. ಈ ಪತ್ರಿಕೆ ನಿಲ್ಸಿದ್ರೆ ಈ ಅಮ್ಮನ ಗುಡಿ ಬಾಗಿಲು ಹಾಕಿದಂಗೆ. ಆ ಪಾಪ ನಂಗೆ ಬ್ಯಾಡ.”

ಶಾಲನ್ನು ಕರುಪ್ಪಯ್ಯ ಗೋವಿಂದಮ್ಮಾಳಿಗೇ ಹೊದಿಸಿದ. ಅವಳು ಜರಿಯ ಅಂಚು ಸವರಿ ನೋಡಿ, ನಾಲ್ಕು ಮಡಿಕೆ ಮಾಡಿ, ಫೋನಿನ ಕೆಳಗೆ ಆಸನ ಹಾಕಿದಳು.

ಸಭೆ ಮುಗಿದು ಪತ್ರಿಕೆ ಉಳಿಯಿತು. ಕರುಪ್ಪಯ್ಯ ಎರಡು ದಿನ ಕೂತು ತನ್ನ ಲೇಖನವನ್ನು ಹತ್ತು ಸಾಲಿಗೆ ಇಳಿಸಿ, ಕೊನೆಯ ಪುಟದ ಕೊನೆಯ ಮೂಲೆಯಲ್ಲಿ ಹಾಕಿಸಿದ. ಮಾತು ಕಡಿಮೆ ಆಡಬೇಕೆಂಬ ಲೇಖನ ಆಗ ಮೊದಲ ಸಲ ತಾನು ಹೇಳಿದ ಮಾತನ್ನು ಕೇಳಿತು.

ಮರುದಿನ ಬೆಳಗ್ಗೆ ಹಿತ್ತಿಲ ಕಟ್ಟೆಯಲ್ಲಿ ಕೂತು ಪರದೆ ತೆರೆದ. ಆಂಡಿಪಟ್ಟಿ, ಒಬ್ಬರು, ಸ್ವಾಮಿಯ ಪುಟ. ದಿಂಡಿಗಲ್, ಇಬ್ಬರು, ಸ್ವಾಮಿಯ ಪುಟ, ಆರು ಗಂಟೆಯಿಂದ. ಅವನ ಮನಸ್ಸು ತಂಪಾಯಿತು. ಮುಚ್ಚಬೇಕೆನ್ನುವಾಗ ಕೆಳಗೆ ಹೊಸ ಸಾಲೊಂದು ಮೂಡಿತು.

ಊರು: ಕಂಬಂ. ಓದುಗರು: ಒಬ್ಬರು. ಪುಟ: ಕೊನೆಯದು. ಹೊತ್ತು: ಎರಡು ನಿಮಿಷ. ಮೂರು. ನಾಲ್ಕು.

ಯಾರಿರಬಹುದೆಂದು ಅವನು ತಲೆಯೆತ್ತಿದ. ಒಳಗೆ ಒಲೆಯ ಮೇಲೆ ಹಾಲು ಉಕ್ಕಿ ಚುರ್ರೆಂದಿತು.

“ಅಮುದಾ, ಹಾಲು!”

“ಸ್ವಲ್ಪ ಸುಮ್ನಿರಿ,” ಅಡಿಗೆಮನೆಯಿಂದ ದನಿ ಬಂತು. “ಇನ್ನು ಎರಡೇ ಸಾಲು ಐತೆ.”